ಮಂಡಕ್ಕಿಯಲ್ಲಿ ಕಳಿಸಿದ ಹಸಿರು ಬಳೆ

ಗಾಜಿನ ಸಾಮಾನನ್ನು ಒಡೆಯದಂತೆ ಕೊರಿಯರ್‌ನಲ್ಲಿ ಕಳಿಸುವುದು ಹೇಗೆ ಅಂತ ನನ್ನನ್ನು ಕೇಳಿ, ಹೇಳುತ್ತೇನೆ. ಯಾರ ಹತ್ತಿರವೂ ಹೋಗಿ ಕಲಿತದ್ದಲ್ಲ. ಖಾಲಿ ಬಾಟಲಿಗಳ ಮೇಲೆ ಬಣ್ಣದ ಚಿತ್ರ ಬಿಡಿಸಿ ಆನ್‌ಲೈನಿನಲ್ಲಿ ಮಾರಲು ಶುರುಮಾಡಿದ ಹೊಸದರಲ್ಲಿ ನಾನು ಕಳಿಸಿದ್ದೆಲ್ಲ ಚೂರಾಗಿಯೇ ಮುಟ್ಟುತ್ತಿತ್ತು. ಗಿರಾಕಿಗಳು ಬೈದರು. ಫೋನಿನಲ್ಲಿ ವಿಡಿಯೋ ನೋಡಿದೆ, ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ನಮ್ಮ ಮನೆಯ ಮಾಳಿಗೆಯಿಂದ ಡಬ್ಬಿಗಳನ್ನು ಎಸೆದೆಸೆದು ನೋಡಿದೆ. ಕೊನೆಗೆ ಗೊತ್ತಾಯಿತು. ಡಬ್ಬಿ ಬಿದ್ದರೆ ಬೀಳಲಿ, ಒಳಗಿನ ಸಾಮಾನಿಗೆ ಅಲುಗಾಡಲು ಜಾಗ ಸಿಗಬಾರದು, ಅಷ್ಟೇ.

ಅಕ್ಕನನ್ನು ಹರಿಹರದ ವ್ಯಾಪಾರಸ್ಥರ ಮನೆಗೆ ಕೊಟ್ಟಿದ್ದೆವು. ಮದುವೆಯ ಊಟದಲ್ಲಿ ಅವಳ ಅತ್ತೆ ಕೂತಿದ್ದ ಪಂಕ್ತಿಗೆ ಬರುವಷ್ಟರಲ್ಲಿ ಹೋಳಿಗೆಗೆ ಹಾಕುವ ತುಪ್ಪ ಮುಗಿದಿತ್ತು. ತರಲು ಅಪ್ಪನೇ ಓಡಿದರು. ಅಷ್ಟರಲ್ಲಿ ಆಕೆ ಒಣ ಹೋಳಿಗೆಯನ್ನು ಎಲೆಯ ಮೇಲೆ ಬಿಟ್ಟು ಎದ್ದಾಗಿತ್ತು. ಅವತ್ತಿನಿಂದ ನಾವ್ಯಾರೂ ಆ ಮನೆಯ ಹೊಸ್ತಿಲು ತುಳಿಯುವಂತಿಲ್ಲ. ಬಸ್ಸಿನಲ್ಲಿ ಕೂತು ಒಂದು ಪೊಟ್ಟಣ ಶೇಂಗಾ ಮುಗಿಸುವಷ್ಟರಲ್ಲಿ ಹರಿಹರ ಬರುತ್ತದೆ. ಆದರೂ ಅಕ್ಕನನ್ನು ನಾವು ನೋಡುತ್ತಿದ್ದುದು ಫೋನಿನಲ್ಲಿ ಮಾತ್ರ.

ಅಕ್ಕ ಬಸುರಾದಳು. ಏಳನೇ ತಿಂಗಳಲ್ಲಿ ಕುಬುಸ. ತವರಿನವರು ಹೋಗಿ ಬಸುರಿಗೆ ಸೀರೆ ಉಡಿಸಿ, ಹಸಿರು ಗಾಜಿನ ಬಳೆ ತೊಡಿಸಿ, ಉಡಿ ತುಂಬುವ ಕಾರ್ಯ. ತವರಿನ ಬಳೆ ಇಲ್ಲದ ಕುಬುಸವನ್ನು ನಮ್ಮಲ್ಲಿ ಯಾರೂ ಕಂಡಿಲ್ಲ. ಅಮ್ಮ ಹೆದರುತ್ತಲೇ ಅಕ್ಕನ ಅತ್ತೆಗೆ ಫೋನ್ ಮಾಡಿ, ಸ್ಪೀಕರಿಗೆ ಹಾಕಿದಳು.

“ಬೀಗ್ತಿಯೋರೆ, ಕುಬುಸಕ್ಕಾದ್ರೂ ನಾವು ಬರ್ತೀವ್ರಿ.”

“ಬರೋದೇನ್ ಬ್ಯಾಡ್ರಿ. ನಾವೇ ಮಾಡ್ತೀವಿ. ತುಪ್ಪ ನಮ್ಮನ್ಯಾಗೇ ಬೇಕಾದಷ್ಟೈತೆ.”

“ಬಳೆ ತವರಿಂದೇ ಆಗ್ಬೇಕಲ್ರಿ…”

“ಬಳೆ ಕಳಸ್ರಿ, ಯಾರ್ ಬ್ಯಾಡಂದ್ರು? ನಿಮ್ಮ ಸಣ್ಣಾಕಿ ಊರೂರಿಗೆ ಬಾಟ್ಲಿ ಕಳಸ್ತಾಳಂತಲ್ಲ, ಹಂಗೇ ಕೊರಿಯರ್ ಮಾಡ್ರಿ. ಒಂದೇ ಒಂದ್ ಬಳೆ ಒಡೆದಿದ್ರೂ ನಾನ್ ಹಾಕ್ಸಲ್ಲ, ಈಗ್ಲೇ ಹೇಳಿರ್ತೀನಿ.”

ಅಮ್ಮ ಫೋನ್ ಇಟ್ಟು ನನ್ನ ಮುಖ ನೋಡಿದಳು. “ಒಡೀದಂಗೆ ಕಳಿಸ್ತೀಯೇನೇ?”

ಅವಳು ಕೇಳಿದ ರೀತಿಗೆ ನನಗೆ ಅಳು ಬರಬೇಕಿತ್ತು. ಬಂದದ್ದು ಹುರುಪು. ನಾನು ಕಲಿತದ್ದೆಲ್ಲ ಈ ಒಂದು ಡಬ್ಬಿಗೇ ಅನ್ನಿಸಿಬಿಟ್ಟಿತು.

ಅಮ್ಮ ಅಕ್ಕನ ಹಳೆಯ ಬಳೆಯೊಂದನ್ನು ಅಳತೆಗೆ ಹಿಡಿದುಕೊಂಡು ಹೋಗಿ ಬಳೆ ತಂದಳು. ಪೇಪರನ್ನು ಗಟ್ಟಿಯಾಗಿ ಸುರುಳಿ ಸುತ್ತಿ ಅದಕ್ಕೆ ಬಳೆ ಪೋಣಿಸಿದೆ, ಮಧ್ಯೆ ಮಧ್ಯೆ ಹತ್ತಿ ಇಟ್ಟೆ. ಅದನ್ನು ಸಣ್ಣ ಡಬ್ಬಿಯೊಳಗೆ, ಸಣ್ಣ ಡಬ್ಬಿಯನ್ನು ದೊಡ್ಡ ಡಬ್ಬಿಯೊಳಗೆ. ಎರಡರ ನಡುವೆ ತುಂಬಲು ಬಬಲ್ ರ‍್ಯಾಪ್ ಖಾಲಿಯಾಗಿತ್ತು. ಅಡುಗೆಮನೆಯಲ್ಲಿ ಮಂಡಕ್ಕಿ ಚೀಲವಿತ್ತು. ದಾವಣಗೆರೆಯಲ್ಲಿ ಮಂಡಕ್ಕಿ ಇಲ್ಲದ ಮನೆ ಯಾವುದು? ಹಗುರ, ಸಂದುಗೊಂದಿಗೆಲ್ಲ ಇಳಿಯುತ್ತದೆ, ತೂಕ ಏರುವುದಿಲ್ಲ. ಮೊದಲು ನನ್ನವೇ ಹಳೆಯ ಬಳೆಗಳನ್ನು ಹೀಗೆ ಕಟ್ಟಿ ಮಾಳಿಗೆಯಿಂದ ಎಸೆದೆ. ಬಿಚ್ಚಿದರೆ ಕೂದಲಷ್ಟೂ ಬಿರುಕಿಲ್ಲ! ಅಂಗಳದಲ್ಲಿ ಒಬ್ಬಳೇ ಕುಣಿದೆ. ಆಮೇಲೆ ಅಕ್ಕನ ಬಳೆ ತುಂಬಿ ಟೇಪು ಸುತ್ತಿದೆ. ಒಳಗೇನು ತುಂಬಿದ್ದೇನೆಂದು ಅಮ್ಮ ಕೇಳಲಿಲ್ಲ, ಡಬ್ಬಿಯ ಮೇಲೆ ಅರಿಸಿನ ಕುಂಕುಮ ಇಟ್ಟಳು.

ಕೊರಿಯರ್ ಆಫೀಸಿನವನು ವಿಳಾಸ ನೋಡಿ ನಕ್ಕ. “ಹರಿಹರಕ್ಕಾ? ನೀನೇ ಹೋಗಿ ಕೊಟ್ಟು ಚಾ ಕುಡ್ದು ಬರಬೌದಲ್ಲವ್ವ.”

“ಹೋಗಂಗಿಲ್ರಿ.”

“ಯಾಕ?”

ನಾನು ದುಡ್ಡು ಎಣಿಸಿ ಕೊಟ್ಟೆ. ಅವನು ಡಬ್ಬಿಯನ್ನು ಹಿಂದಿನ ರಾಶಿಗೆ ಎಸೆದ. ನನ್ನ ಡಬ್ಬಿ ಅಂಥದ್ದಕ್ಕೆಲ್ಲ ಹೆದರುವುದಲ್ಲ. ಅದು ಹರಿಹರವನ್ನು ದಾಟಿಕೊಂಡು ಹುಬ್ಬಳ್ಳಿಗೆ ಹೋಗಿ, ಅಲ್ಲಿಂದ ವಾಪಸು ಹರಿಹರಕ್ಕೆ ಬಂತು. ಅಕ್ಕನ ಊರಿನ ಪಕ್ಕದಲ್ಲೇ ನಮ್ಮ ಬಳೆ ಹಾದುಹೋಯಿತೆಂದು ಫೋನಿನಲ್ಲಿ ನೋಡಿ ಅಮ್ಮ ನಿಟ್ಟುಸಿರು ಬಿಟ್ಟಳು.

ಡಬ್ಬಿ ಮುಟ್ಟಿದ ದಿನ ಅಕ್ಕ ವಿಡಿಯೋ ಕಾಲ್ ಮಾಡಿದಳು. ಪಡಸಾಲೆಯಲ್ಲಿ ಓಣಿಯ ಹೆಂಗಸರು ಕೂತಿದ್ದರು. ಒಡೆದ ಬಳೆ ತೋರಿಸಲೆಂದೇ ಅತ್ತೆ ಅವರನ್ನು ಕರೆಸಿದ್ದರು ಅನ್ನುವುದು ನನ್ನ ನಂಬಿಕೆ. ಟೇಪು ಕತ್ತರಿಸಿದ್ದೂ ಅತ್ತೆಯೇ. ಕತ್ತರಿಸಿ, ಡಬ್ಬಿಯನ್ನು ಬೋರಲು ಹಾಕಿದರು. ಮಂಡಕ್ಕಿ ನೆಲದ ತುಂಬ ಹರಡಿತು. ಅಕ್ಕನ ಪಾದದವರೆಗೂ ಬಂತು.

ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು.

“ನೋಡ್ರಿ, ಎಲ್ರೂ ನೋಡ್ರಿ!” ಅತ್ತೆಯ ಧ್ವನಿ ಏರಿತು. “ಹೆಣದ ಮುಂದೆ ಚೆಲ್ಲೋದನ್ನ ಬಸುರಿ ಮುಂದೆ ಚೆಲ್ಯಾರ!”

ನಮ್ಮ ಕಡೆ ಶವ ಹೊತ್ತು ಹೊರಟಾಗ ದಾರಿಯುದ್ದಕ್ಕೂ ಮಂಡಕ್ಕಿ, ಜೊತೆಗೆ ಚಿಲ್ಲರೆ ಕಾಸು ಎರಚುತ್ತಾರೆ. ನನಗೂ ಗೊತ್ತಿತ್ತು, ಎಲ್ಲರಿಗೂ ಗೊತ್ತು. ದಿನಾ ಸಂಜೆ ಅದೇ ಮಂಡಕ್ಕಿಯನ್ನು ಮೆಣಸಿನಕಾಯಿ ಬಜ್ಜಿಯ ಜೊತೆ ತಿನ್ನುವಾಗ ಯಾರಿಗೆ ನೆನಪಾಗುತ್ತದೆ? ಆ ಅತ್ತೆಗೂ ಸಂಜೆಗೊಂದು ತಟ್ಟೆ ಬೇಕೇ ಬೇಕು.

“ಅತ್ತೀ, ಬಳೆ ನೋಡ್ರಿ, ಒಂದೂ ಒಡೆದಿಲ್ಲ! ಸಣ್ಣ ಡಬ್ಬಿ ತೆಗೀರಿ!” ನಾನು ಫೋನಿಗೆ ಬಾಯಿ ಹಚ್ಚಿ ಕೂಗಿದೆ.

“ಬಳೆ ಯಾರಿಗ್ ಬೇಕವ್ವ? ಮಗಳನ್ನ ಬಾಣಂತನಕ್ಕೆ ಕರ್ಕೊಂಡೋಗ್ತೀರೋ, ಮಣ್ಣಿಗೆ ಒಯ್ತೀರೋ?”

ಕೂತಿದ್ದ ಒಬ್ಬಾಕೆ ಕಿಸಕ್ಕನೆ ನಕ್ಕಳು. “ಒಂದೀಟು ಚಿಲ್ಲರೆನೂ ಹಾಕಿದ್ರೆ ಎಲ್ಲಾ ಪೂರಾ ಆಗ್ತಿತ್ತು ನೋಡ್ರಿ.”

ಎಲ್ಲರೂ ನಕ್ಕರು. ಅಕ್ಕ ನನ್ನ ಕಡೆ ನೋಡಲಿಲ್ಲ.

“ಏಳವ್ವ, ಗುಡ್ಸು. ತವರಿಂದ ಬಂದಿದ್ದಲ್ಲ, ನೀನೇ ಗುಡಿಸ್ಬೇಕು.”

ಫೋನನ್ನು ಅಕ್ಕ ಎಲ್ಲೋ ಅಂಗಾತ ಇಟ್ಟಳು. ಅವರ ಮನೆಯ ಫ್ಯಾನ್ ಮಾತ್ರ ಕಾಣುತ್ತಿತ್ತು. ಪೊರಕೆಯ ಸದ್ದು, ಹೊಟ್ಟೆ ಹೊತ್ತು ಬಗ್ಗಿದವಳ ಏದುಸಿರು ಕೇಳುತ್ತಿತ್ತು. ನನ್ನ ಹಿಂದೆ ನಿಂತಿದ್ದ ಅಮ್ಮ ನನಗೆ ಹೊಡೆಯಲಿಲ್ಲ, ಹೊಡೆದಿದ್ದರೆ ಚೆನ್ನಾಗಿತ್ತು. “ತಟ್ಟ್ಯಾಗಿದ್ರೆ ತಿಂಡಿ, ನೆಲಕ್ ಬಿದ್ರೆ ಹೆಣದ್ದು. ಇಷ್ಟೂ ತಿಳೀಲಿಲ್ವಲ್ಲೇ ನಿನಗೆ” ಅಂದು ಒಳಗೆ ಹೋದಳು.

ಕುಬುಸ ನಡೆಯಿತು. ಅಕ್ಕನ ಗಂಡ ಹಾಕಿದ ವಾಟ್ಸಾಪ್ ಸ್ಟೇಟಸ್ಸಿನಲ್ಲಿ ಅವಳ ಕೈತುಂಬ ಹಸಿರು ಬಳೆ ಇದ್ದವು. ನಮ್ಮವಲ್ಲ. ನಮ್ಮವು ಮಾರನೇ ವಾರ ಅದೇ ಕೊರಿಯರ್‌ನಲ್ಲಿ ವಾಪಸು ಬಂದವು. ಆಫೀಸಿನವನು ಡಬ್ಬಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದ. “ಏನವ್ವ, ಈ ಸಲ ಗೆಜ್ಜೆ ಕಳ್ಸ್ಯಾರೇನು?” ಬಿಚ್ಚಿ ನೋಡಿದರೆ ಹತ್ತಿ ಇಲ್ಲ, ಪೇಪರ್ ಸುರುಳಿ ಇಲ್ಲ, ಸಣ್ಣ ಡಬ್ಬಿಯೂ ಇಲ್ಲ. ದೊಡ್ಡ ಡಬ್ಬಿಯ ತಳದಲ್ಲಿ ಬರಿಯ ಹಸಿರು ಚೂರು. ಅಲುಗಾಡಲು ಎಷ್ಟು ಜಾಗ ಬಿಡಬೇಕೆಂದು ಅತ್ತೆಗೂ ಚೆನ್ನಾಗಿ ಗೊತ್ತಿತ್ತು. ಅಮ್ಮ ಚೂರುಗಳನ್ನು ಸೆರಗಿನಲ್ಲಿ ತುಂಬಿಕೊಂಡು ಹೋಗಿ, ಯಾರೂ ತುಳಿಯದ ಕಡೆ, ಹಿತ್ತಲಿನ ಕರಿಬೇವಿನ ಬುಡದಲ್ಲಿ ಹೂತಳು.

ಅದಾದ ಮೇಲೆ ಒಂದು ಮಧ್ಯಾಹ್ನ ಅಕ್ಕನ ಫೋನು. ಪಿಸುಮಾತು.

“ಅವತ್ತು ಮೊರದಾಗ ತುಂಬ್ಕೊಂಡು ಹಿತ್ಲಿಗೆ ಚೆಲ್ಲಾಕ ಹೋದ್ನಲ್ಲ, ಒಂದು ಬೊಗಸೆ ತಿಂದ್ಬಿಟ್ಟೆ ಕಣೇ.”

“ನೆಲಕ್ ಬಿದ್ದಿದ್ದಾ?”

“ಹೂಂ. ಗರಿಗರಿ ಇತ್ತು. ನಮ್ಮನೆ ಅಡುಗೆಮನೆ ವಾಸನೆನೇ ಇತ್ತು ಅದಕ್ಕ.”

ನಾನು ನಗಲೋ ಬೇಡವೋ ಅಂತ ಇರುವಾಗಲೇ ಆಚೆಯಿಂದ ಅತ್ತೆಯ ಧ್ವನಿ ಕೇಳಿತು. “ಯಾರದವ್ವ ಫೋನು?”

“ಯಾರದೂ ಅಲ್ರಿ” ಅಂದಳು ಅಕ್ಕ.