ನಮ್ಮನೆಯವರು ಮಾಡಿದ ಕಾರು

ನನಗೆ ಕಾರು ಓಡಿಸಲು ಬರುವುದಿಲ್ಲ. ಸೈಕಲ್ಲನ್ನೂ ಇಳಿಜಾರು ಬಂದರೆ ಇಳಿದು ತಳ್ಳಿಕೊಂಡೇ ಹೋಗುತ್ತೇನೆ. ಆದರೂ ಹಳೆಯ ಫೋಟೋದಲ್ಲಿ ಕಾರಿನ ಮೂತಿ ಒಂದಿಷ್ಟು ಕಂಡರೆ ಸಾಕು, ಅದು ಯಾವ ದೇಶದ್ದು, ಯಾವ ಕಾಲದ್ದು ಎಂದು ಹೇಳಿಬಿಡುವ ಚಪಲ. ಇದು ಅಂಟಿಕೊಂಡದ್ದು ಶಿರಾಳಕೊಪ್ಪದ ಸಂತೆಯಲ್ಲಿ. ಬೆಲ್ಲ ತರಲು ಹೋದವನು ಅಂಗಡಿಯವನ ಪಕ್ಕದಲ್ಲಿದ್ದ ಇಂಗ್ಲಿಷ್ ಪತ್ರಿಕೆಗಳ ರದ್ದಿಗೆ ಮನಸೋತೆ. ಪುಟಪುಟಕ್ಕೂ ಕಾರಿನ ಜಾಹೀರಾತು. ಎಲ್ಲವನ್ನೂ ಹೊತ್ತು ತಂದೆ, ಬೆಲ್ಲ ಮರೆತೆ. "ಇವತ್ತು ಪಾಯಸಕ್ಕೆ ಕಾರೇ ಹಾಕ್ತೀನ್ರೀ" ಎಂದಳು ನನ್ನಾಕೆ.

ಅಂದಿನಿಂದ ಶಿಕಾರಿಪುರದಲ್ಲಿ ನಾನು ಇತಿಹಾಸದ ಮೇಷ್ಟರಾಗಿದ್ದುದು ಹೆಸರಿಗೆ ಮಾತ್ರ. ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯವರು ಕಾರಿರುವ ಪಟ ಬಂದರೆ ನನ್ನ ಬಳಿಗೆ ಕಳಿಸುತ್ತಿದ್ದರು. ಯಾರದೋ ಮಾವನ ಮದುವೆ, ಯಾವುದೋ ಅಮಲ್ದಾರರ ಸವಾರಿ. ಮದುಮಗನನ್ನು ಬಿಟ್ಟು ನಾನು ಗಾಲಿ ನೋಡುತ್ತಿದ್ದೆ. ಮಧ್ಯಾಹ್ನ ಕಿಟಕಿಯ ಬಳಿ ಭೂತಗನ್ನಡಿ ಹಿಡಿದು ಕೂತರೆ ಪಟದ ಕಂದುಬಣ್ಣ ಮೆಲ್ಲಗೆ ಹರಡಿ ಕೋಣೆಯನ್ನೆಲ್ಲ ತುಂಬಿಕೊಳ್ಳುತ್ತಿತ್ತು. ಧೂಳಿನ ರಸ್ತೆ, ರಬ್ಬರಿನ ಗುಂಡು ಒತ್ತಿದರೆ ಕೂಗುವ ಹಾರನ್ನು, ಬೆದರಿ ಪಕ್ಕಕ್ಕೆ ಸರಿಯುವ ಎತ್ತುಗಳು. ಹಿಂದಿನ ಸೀಟಿನಲ್ಲಿ ನಾನೇ ಕೂತಿರುತ್ತಿದ್ದೆ. ಗಂಟೆ ಹೊಡೆದದ್ದು ಕೇಳಿಸದೆ ಎಷ್ಟೋ ಸಲ ಕ್ಲಾಸು ತಪ್ಪಿಸಿದ್ದೇನೆ. ಹುಡುಗರು ಒಮ್ಮೆಯೂ ದೂರು ಕೊಡಲಿಲ್ಲ.

ಆ ರದ್ದಿಯಿಂದ ನಾನು ಕಲಿತ ವಿದ್ಯೆ ಇಷ್ಟು: ಹಳೆಯ ಕಾರುಗಳಿಗೆಲ್ಲ ಹೆಚ್ಚಾಗಿ ಮಾಡಿದವನದೇ ಹೆಸರು. ಯಾವನೋ ಕಮ್ಮಾರನೋ, ಸೈಕಲ್ ರಿಪೇರಿಯವನೋ ಹಿತ್ತಲಲ್ಲಿ ಒಂದನ್ನು ಜೋಡಿಸಿ ತನ್ನ ಹೆಸರನ್ನೇ ಅದರ ಮೂತಿಗೆ ಹಚ್ಚುತ್ತಿದ್ದ. ಆಸಾಮಿ ಹೋಗುತ್ತಿದ್ದ, ಕಂಪನಿ ಮುಳುಗುತ್ತಿತ್ತು, ಹೆಸರು ಮಾತ್ರ ಊರೂರು ಸುತ್ತುತ್ತಿತ್ತು.

ನಯಾಪೈಸೆ ಬಂದ ಮರುವರ್ಷ, ಸೊರಬದ ಕಡೆಯ ಹೊಸಬಾಳೆಯಿಂದ ಗಂಗಮ್ಮ ಎಂಬ ವಯಸ್ಸಾದ ಹೆಂಗಸು ಬಸ್ಸು ಹತ್ತಿ ನಮ್ಮ ಮನೆಗೇ ಬಂದರು. ಬಟ್ಟೆಯಲ್ಲಿ ಸುತ್ತಿದ್ದ ಫೋಟೋ ಬಿಚ್ಚಿದರು. ಕಾರಿನಲ್ಲಿ ಪೇಟ ಸುತ್ತಿಕೊಂಡು ನೆಟ್ಟಗೆ ಕೂತ ಯುವಕ, ಪಕ್ಕದಲ್ಲಿ ನಗು ತಡೆಯಲಾರದ ಹುಡುಗಿ.

"ನಮ್ಮನೆಯೋರು ಮಾಡಿದ ಕಾರು ಮೇಷ್ಟ್ರೇ. ಮದ್ವೆಯಾದ ವರ್ಷ ತೆಗೆಸಿದ್ದು. ಅವರು ಹೋಗಿ ಇಪ್ಪತ್ತು ವರ್ಷದ ಮೇಲಾತು, ಅವರ ಮುಖ ಇರೋದು ಇದೊಂದ್ರಲ್ಲೇ. ನಡುಮನೇಲಿ ಹಾಕ್ತೀನಿ ಅಂದ್ರೆ ಮಗ ಬ್ಯಾಡ ಅಂತಾನೆ. ಹೆಸ್ರೇ ಇಲ್ಲದ ಕಾರು, ಜನ ನಗ್ತಾರೆ, ಪೆಟ್ಟಿಗೇಲೇ ಇರ್ಲಿ ಅಂತಾನೆ. ನೀವೊಂದು ಹೆಸ್ರು ಹೇಳಿ."

ಮನೆ ಮಾಡಿದರು, ಗದ್ದೆ ಮಾಡಿದರು ಎನ್ನುವ ಸೀಮೆ ನಮ್ಮದು. ಈ ಪುಣ್ಯಾತ್ಮರು ಕಾರನ್ನೂ ಮಾಡಿದ್ದಾರೆ, ಅಂದರೆ ಕೊಂಡಿದ್ದಾರೆ, ದೊಡ್ಡ ಸಾಹುಕಾರರೇ ಇರಬೇಕು ಎಂದುಕೊಂಡೆ.

ಅವರು ಫೋಟೋವನ್ನು ನನ್ನಲ್ಲೇ ಬಿಟ್ಟು ಹೋದ ಮೇಲೆ ಎರಡು ತಿಂಗಳು ಆ ಕಾರು ನನ್ನ ತಲೆ ತಿಂದಿತು. ಮೂತಿ ಇಂಗ್ಲೆಂಡಿನದು, ದೀಪ ಅಮೆರಿಕದ್ದು, ಬಾಗಿಲ ಮೇಲೆ ತಾವರೆ, ಗಾಲಿಯೋ ಥೇಟ್ ಎತ್ತಿನ ಗಾಡಿಯದು. ಫ್ರಾನ್ಸಿನಲ್ಲಿ ಮುಳುಗಿಹೋದ ಯಾವುದೋ ಕಂಪನಿಯ ಕೊನೆಯ ಕುಡಿ ಎಂದು ತೀರ್ಮಾನಿಸಿ ಮದರಾಸಿನ ಪತ್ರಿಕೆಯೊಂದಕ್ಕೆ ಅರ್ಧ ಕಾಗದವನ್ನೂ ಬರೆದೆ. ಮೋಟಾರು ಲೋಕದಲ್ಲಿ ಹೊಸಬಾಳೆ ಹೆಸರಾಗುವುದನ್ನು, ಜೊತೆಗೆ ನಾನೂ ಒಂದಿಷ್ಟು ಹೆಸರಾಗುವುದನ್ನು ಕಣ್ಣುಬಿಟ್ಟುಕೊಂಡೇ ಕನಸು ಕಂಡೆ. ಆಗ ಕಾಫಿ ತಂದ ನನ್ನಾಕೆ ಬಗ್ಗಿ ನೋಡಿ, "ಇದೇನ್ರೀ, ಇಷ್ಟ್ ದೊಡ್ಡ ಕಾರಿಗೆ ನೆರಳು ದಾರದಷ್ಟೇ ಐತಲ್ಲ?" ಎಂದಳು.

ನೋಡಿದೆ. ಗಾಲಿಗಳ ನಡುವಿನ ಸಂದಿನಲ್ಲಿ ಒಂದು ಬೆಂಚಿನ ಕಾಲು, ಅದರ ಪಕ್ಕ ಎರಡು ಜೊತೆ ಬರಿಗಾಲು. ಎರಡು ತಿಂಗಳಿಂದಲೂ ಅಲ್ಲೇ ಇದ್ದವು. ಕಾರು ಬರಿಯ ಹಲಗೆ!

ನಾಚಿಕೆಗಿಂತ ನನಗೆ ಸಂಕಟವಾಯಿತು. ಆ ಮುದುಕಿಗೆ ಇದನ್ನು ಹೇಳುವುದು ಹೇಗೆ? ಫೋಟೋ ಹಿಡಿದು ಹೊಸಬಾಳೆಗೆ ಹೋಗಿ, ಕೊಟ್ಟ ಮಜ್ಜಿಗೆ ಕುಡಿಯಲೂ ಆಗದೆ, "ಅಮ್ಮಾ, ಇದು ನಿಜವಾದ ಕಾರಲ್ಲ, ಹಲಗೆ" ಎಂದೆ.

ಗಂಗಮ್ಮ ಫೋಟೋದ ಹುಡುಗಿಯ ಹಾಗೆಯೇ ನಕ್ಕರು. "ಹಲಗೇನೇ ಅಲ್ವಾ ಮತ್ತೆ! ಹಲಸಿನ ಹಲಗೆ. ನಮ್ಮನೆಯೋರು ಮಾಡಿದ್ದು ಅಂತ ಅವತ್ತೇ ಹೇಳ್ಲಿಲ್ವಾ?"

ಅವರ ಗಂಡ ನಾಟಕದ ಪರದೆ ಬರೆಯುತ್ತಿದ್ದರಂತೆ. ಶಿರಾಳಕೊಪ್ಪದ ಸಂತೆಯಲ್ಲಿ ಡೇರೆ ಹಾಕುತ್ತಿದ್ದ ಫೋಟೋದವನು, ಜನ ಹಿಂದೆ ಕೂತು ಪಟ ತೆಗೆಸಿಕೊಳ್ಳಲಿ ಎಂದು ಒಂದು ಕಾರು ಕೇಳಿದ. ಇವರು ಹತ್ತಿರದಿಂದ ಕಾರು ಕಂಡವರಲ್ಲ. ರಸ್ತೆಬದಿಯಲ್ಲಿ ನಿಂತು, ಧೂಳೆಬ್ಬಿಸಿ ಹೋದದ್ದರಲ್ಲಿ ಕಂಡಷ್ಟು ಬರೆದರು. ಕಾಣದ್ದಕ್ಕೆ ಪರದೆಯ ತಾವರೆ, ಮನೆಯ ಗಾಡಿಯ ಗಾಲಿ. ಇಡೀ ಜಗತ್ತಿನಲ್ಲಿ ಇಂಥದು ಒಂದೇ ಒಂದು. ಇದಕ್ಕಿಂತ ಅಪರೂಪದ ಕಾರನ್ನು ನಾನೆಲ್ಲಿ ಹುಡುಕಲಿ? ಕಣ್ಣು ತುಂಬಿ ಬಂತು.

"ಹೆಸರು ಸಿಕ್ಕಿತು ಅಮ್ಮಾ" ಎಂದೆ. "ಕಾರಿಗೆ ಮಾಡಿದವರ ಹೆಸರೇ ಇಡುವುದು ಪದ್ಧತಿ. ಯಜಮಾನರ ಹೆಸರೇನು?"

ಗಂಗಮ್ಮ ತಲೆ ತಗ್ಗಿಸಿದರು. ಗಂಡನ ಹೆಸರು ಹೇಳುವ ಹೆಂಗಸರು ನಮ್ಮ ಕಡೆ ಎಲ್ಲಿದ್ದಾರೆ! ಕೊನೆಗೆ, "ಹುಣ್ಣಿಮೆಗೆ ತುಂಬ್ಕೊಂಡು ಬರ್ತಾರಲ್ಲ, ಅವರು" ಎಂದರು.

ಫೋಟೋದ ಕೆಳಗೆ ಮಸಿಯಲ್ಲಿ ದೊಡ್ಡದಾಗಿ 'ಚಂದ್ರಪ್ಪ' ಎಂದು ಬರೆದು ಓದಿ ಹೇಳಿದೆ.

ದೀಪಾವಳಿಯ ಹೊತ್ತಿಗೆ ಮತ್ತೆ ಆ ದಾರಿಯಲ್ಲಿ ಹೋದಾಗ ಪಟ ಕಟ್ಟು ಹಾಕಿಸಿಕೊಂಡು ನಡುಮನೆಯಲ್ಲಿ ಕೂತಿತ್ತು. ಮಗನೇ ಮೊಳೆ ಹೊಡೆದನಂತೆ. ಮೊಸರಿಗೆ ಹೆಪ್ಪು ಕೇಳಲು ಬಂದ ಪಕ್ಕದ ಮನೆಯ ಹೊಸ ಸೊಸೆ ಅದನ್ನು ನೋಡಿ, "ಇದು ಯಾವ ಕಾರು ಅಜ್ಜಿ?" ಎಂದಳು.

ಗಂಗಮ್ಮ ಸೆರಗು ಸರಿಮಾಡಿಕೊಂಡರು. ಒಮ್ಮೆ ನನ್ನ ಕಡೆ ನೋಡಿದರು.

"ಚಂದ್ರಪ್ಪ" ಎಂದರು. ಆ ಹುಡುಗಿಗೆ ಕೇಳಿಸಿತ್ತು. ಆದರೂ ಇನ್ನೊಮ್ಮೆ, ನಿಧಾನವಾಗಿ ಹೇಳಿದರು: "ಚಂದ್ರಪ್ಪ ಅಂತ. ಕಾರಿನ ಹೆಸ್ರು."