ಲಾರಿಯ ಮೂತಿಗೆ ಇಟ್ಟ ಕುಂಕುಮ

ಈಗ ಯಾರಾದರೂ ಹಳೆಯ ಫೋಟೋ ಹಿಡಿದುಕೊಂಡು ನನ್ನ ಬಾಗಿಲಿಗೆ ಬಂದರೆ ನನಗೆ ಮೊದಲು ಬರುವುದು ಆಕಳಿಕೆ. ಕುತೂಹಲ ಆಮೇಲೆ, ಬಂದರೆ ಬಂತು. ಐಟಿಐಯಲ್ಲಿ ಡೀಸೆಲ್ ಮೆಕ್ಯಾನಿಕ್ ವಿಭಾಗದ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು ನಾನು. ಚಿಂತಾಮಣಿಯಲ್ಲಿ ತರಕಾರಿ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿ ಮನೆ. ಬೆಳಗಾದರೆ ಟೊಮ್ಯಾಟೊ ಲಾರಿಗಳ ಹಾರನ್ನು. ಆ ಗಲಾಟೆಯಲ್ಲೇ ಕಂಪ್ಯೂಟರಿನ ಮುಂದೆ ಕುಳಿತು ಎರಡನೆಯ ಮಹಾಯುದ್ಧದ ಫೋಟೋಗಳನ್ನು ದಿಟ್ಟಿಸುವುದು ನನ್ನ ಚಟ. ಎಲೆಯಡಿಕೆ ಬಿಟ್ಟವನಿಗೆ ಇದನ್ನು ಬಿಡಲು ಆಗಿಲ್ಲ.

ಕೆಲಸ ಇಷ್ಟೇ. ಸಮುದ್ರದ ತಳದಲ್ಲಿ ಮಗ್ಗುಲಾಗಿ ಬಿದ್ದಿರುವ ಒಂದು ಹಡಗಿನ ಚಿತ್ರವನ್ನು ಯಾರೋ ಇಂಟರ್‌ನೆಟ್ಟಿನ ಗುಂಪಿಗೆ ಹಾಕಿ, ಇದು ಯಾವ ಹಡಗು ಎಂದು ಕೇಳುತ್ತಾರೆ. ಹೊಗೆಕೊಳವೆ ಎಲ್ಲಿದೆ, ಲಂಗರಿನ ತೂತು ಹೇಗಿದೆ ಎಂದು ನೋಡಿ, ಅದು ತೇಲುತ್ತಿದ್ದಾಗಿನ ಹಳೆಯ ಫೋಟೋಗಳ ಜೊತೆ ತಾಳೆ ನೋಡಬೇಕು. ಇಲ್ಲವೇ ಶತ್ರುವಿನಿಂದ ಕಸಿದುಕೊಂಡ ಲಾರಿಯೊಂದರ ಪಕ್ಕ ಸಿಪಾಯಿಗಳು ನಗುತ್ತಾ ನಿಂತ ಫೋಟೋ ಬರುತ್ತದೆ. ಚಕ್ರದ ನಟ್ಟು, ಮಡ್‌ಗಾರ್ಡು, ರೇಡಿಯೇಟರ್ ನೋಡಿ ಅದು ಯಾವ ದೇಶದ್ದು, ಯಾವ ಕಾಲದ್ದು ಎಂದು ನಾನು ಹೇಳುತ್ತೇನೆ. ನನ್ನ ಹೆಂಡತಿ ನೆಂಟರಿಗೆಲ್ಲ, “ನಮ್ಮೋರು ಮುಳುಗಿದ ಹಡಗಿಗೆ ಜಾತಕ ಬರೆಯೋ ಜೋಯಿಸರು” ಎಂದು ಪರಿಚಯ ಮಾಡಿಕೊಡುತ್ತಾಳೆ.

ಮೊದಮೊದಲು ಹುರುಪಿತ್ತು. ಒಂದು ಹಡಗಿನ ಗುರುತು ಸಿಕ್ಕಿದರೆ ಮಗುವಿಗೆ ಹೆಸರಿಟ್ಟಷ್ಟು ಸಂತೋಷವಾಗುತ್ತಿತ್ತು. ಬರಬರುತ್ತಾ ಸಾಕಾಯಿತು. ಕಣ್ಣಿನ ಪೊರೆ ತೆಗೆಸಿದ ಮೇಲೆ ಚಿತ್ರ ಸ್ಪಷ್ಟವಾಗಿ ಕಾಣತೊಡಗಿತು. ಅದರೊಳಗಿನ ಮುಖಗಳೂ ಕಂಡವು. ಗುಂಪಿನಲ್ಲಿ ಯಾರೂ ಮುಖದ ಬಗ್ಗೆ ಕೇಳುವುದಿಲ್ಲ, ಬೋಲ್ಟಿನ ಬಗ್ಗೆ ಜಗಳವಾಡುತ್ತಾರೆ. ಫೋಟೋ ಕಳಿಸುವ ಮನೆಯವರದು ಇನ್ನೊಂದು ಕಥೆ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎನ್ನುವ ಹಾಗೆ ಎಲ್ಲರ ತಾತನೂ ಒಬ್ಬನೇ ನಿಂತು ಟ್ಯಾಂಕು ಹಿಡಿದವನೇ. ಆ ಟ್ಯಾಂಕು ಕೆಟ್ಟು ನಿಂತ ನೀರಿನ ಲಾರಿ ಎಂದು ಹೇಳಿ ಬೈಸಿಕೊಂಡಿದ್ದೇನೆ. ಹಾಗಾಗಿ ಈಗೀಗ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಇರಬಹುದು, ಇಲ್ಲದೆಯೂ ಇರಬಹುದು ಎಂದು ಬರೆದು ಕೈತೊಳೆದುಕೊಳ್ಳುತ್ತೇನೆ.

ಕಳೆದ ವರ್ಷ ಪಿತೃಪಕ್ಷ ಹತ್ತಿರವಾಗಿದ್ದಾಗ ನಗರಗೆರೆ ಕಡೆಯ ಒಬ್ಬ ಅಜ್ಜಿ ಮಗನ ಜೊತೆ ಕಾರಿನಲ್ಲಿ ಬಂದಿಳಿದರು. ಎಂಬತ್ತು ದಾಟಿದ ಜೀವ. ಮಗನೂ ನನ್ನಷ್ಟೇ ನರೆತವರು. ಊರಲ್ಲಿ ಜಮೀನು ನೋಡಿಕೊಂಡಿದ್ದಾರೆ. ಗೌರಿಬಿದನೂರಿನ ಫೋಟೋ ಸ್ಟುಡಿಯೋದವರು ನನ್ನ ವಿಳಾಸ ಕೊಟ್ಟಿದ್ದರಂತೆ. ಟವೆಲಿನಲ್ಲಿ ಸುತ್ತಿದ್ದ ಕಟ್ಟು ಹಾಕಿದ ಫೋಟೋವನ್ನು ಅಜ್ಜಿ ಮಗನ ಕೈಗೂ ಕೊಡದೆ ತಾವೇ ಎದೆಗೆ ಅವುಚಿಕೊಂಡು ತಂದಿದ್ದರು. ನಾನು ಒಳಗೊಳಗೇ, ಇನ್ನೊಂದು ಎಮ್ಮೆ ಬಂತು ಎಂದುಕೊಂಡೆ.

“ನಮ್ಮಪ್ಪ, ನಾಯ್ನಾ” ಎಂದರು ಅಜ್ಜಿ, ತೆಲುಗು ಸೀಮೆಯ ಅಕ್ಕರೆಯಲ್ಲಿ ನನ್ನನ್ನು ಕರೆದು. “ನಾನು ಹೊಟ್ಟೇಲಿದ್ದಾಗ ಮಿಲ್ಟ್ರಿಗೆ ಹೋದ. ಬರ್ಲಿಲ್ಲ.”

ಫೋಟೋದಲ್ಲಿ ಚಡ್ಡಿ, ಸಿಪಾಯಿಗಳ ಬಟ್ಟೆಪಟ್ಟಿ ಸುತ್ತಿದ ಕಾಲು, ಮರಳು. ಒಬ್ಬ ಎಳೆಯ ಗಂಡಸು ಲಾರಿಯ ಬಾಗಿಲಿಗೆ ಒರಗಿ ನಿಂತಿದ್ದಾನೆ. ಲಾರಿಯ ಆಕಾರ ನಮ್ಮ ಕಡೆಯ ಬ್ರಿಟಿಷ್ ಲಾರಿಯದಲ್ಲ, ಶತ್ರುವಿನಿಂದ ಕಸಿದುಕೊಂಡದ್ದು ಎಂದು ನೋಡಿದೊಡನೆ ಗೊತ್ತಾಯಿತು. ಅವನ ಹಣೆಯ ಮೇಲೆ ಒಂದು ಕುಂಕುಮದ ಬೊಟ್ಟು. ಲಾರಿಯ ಮೂತಿಯ ಮೇಲೆ ಅಂಗೈ ಅಗಲ ವಿಭೂತಿ, ಅದರ ಮೇಲೆ ಕುಂಕುಮ, ಅದರ ಮೇಲೆ ಮತ್ತೆ ವಿಭೂತಿ, ಒಣಗಿ ಹೆಪ್ಪಾಗಿ ಕೂತಿತ್ತು. ಫೋಟೋದ ಕಟ್ಟಿನ ಗಾಜು ಒಡೆದು ಎಷ್ಟೋ ಕಾಲವಾಗಿತ್ತಂತೆ. ನಾನು ಕೇಳುವ ಮೊದಲೇ ಅಜ್ಜಿ ವಿವರಿಸಿದರು. ಪ್ರತಿ ಆಯುಧಪೂಜೆಗೆ ಅವರ ಅಮ್ಮ ನೇಗಿಲು, ಕುಡುಗೋಲು, ಗಾಡಿ ಎಲ್ಲಕ್ಕೂ ಪೂಜೆ ಮಾಡಿ ಕೊನೆಗೆ ಫೋಟೋದ ಲಾರಿಗೂ ಮಾಡುತ್ತಿದ್ದರು. ಗಂಡ ಓಡಿಸುವ ಗಾಡಿ, ಅವನನ್ನು ಚೆನ್ನಾಗಿ ನೋಡಿಕೊಳ್ಳಲಿ ಎಂದು. ನಮ್ಮ ಸೀಮೆಯಲ್ಲಿ ಬಿಟ್ಟರೆ ಇನ್ನೆಲ್ಲಿಯೂ ಶತ್ರುವಿನ ಲಾರಿಗೆ ಪೂಜೆ ಆಗಿರಲಾರದು. ಜಗತ್ತಿನ ಯಾವ ಫೋಟೋದಲ್ಲೂ ನನಗೆ ಇಂಥ ತೊಡಕು ಎದುರಾಗಿರಲಿಲ್ಲ.

“ಇದು ಯಾವ ಲಾರಿ ಅಂತ ತಿಳ್ಕೊಂಡು ಏನ್ಮಾಡ್ತೀರ ದೊಡ್ಡಮ್ಮ?” ಎಂದು ಸ್ವಲ್ಪ ಒರಟಾಗಿಯೇ ಕೇಳಿದೆ.

“ನಂಗೆ ಲಾರಿ ಕಟ್ಕೊಂಡು ಏನಾಗ್ಬೇಕಪ್ಪ? ನಮ್ಮಮ್ಮ ಕುಂಕುಮ ಇಟ್ಟಿದ್ದು ಸರೀನೋ ತಪ್ಪೋ, ಅಷ್ಟು ಹೇಳು.”

ಆಮೇಲೆ ವಿಷಯ ಬಿಚ್ಚಿಕೊಂಡಿತು. ಯುದ್ಧದ ಹೊತ್ತಿನಲ್ಲೇ ಪಕ್ಕದ ಊರಿನ ಇನ್ನೊಬ್ಬ ಸಿಪಾಯಿ ಕೈಗೆ ಪೆಟ್ಟಾಗಿ ವಾಪಸ್ಸು ಬಂದಿದ್ದ. ಮರಳುಗಾಡಿನಿಂದ ಬೇರೆ ಕಡೆಗೆ ಸಾಗಿಸಲು ನಿಮ್ಮವನನ್ನು ಹತ್ತಿಸಿದ ಹಡಗು ಮುಳುಗಿತು ಎಂದು ಹಡಗಿನ ಹೆಸರು ಸಮೇತ ಹೇಳಿದ. ಸರ್ಕಾರದ ಕಡೆಯಿಂದ ಪತ್ತೆಯಿಲ್ಲ ಎನ್ನುವುದಕ್ಕಿಂತ ಹೆಚ್ಚಿನ ಮಾತು ಬರಲೇ ಇಲ್ಲ. ಮನೆಯ ಹಿರಿಯರು ಬಸುರಿ ಸೊಸೆಯ ಹೆರಿಗೆಯಾಗುವವರೆಗೆ ತಡೆದು, ಆಮೇಲೆ ಬಳೆ ತೆಗೆಸಲು ದಿನ ಗೊತ್ತು ಮಾಡಿದರು. ಅಷ್ಟರಲ್ಲಿ ಈ ಫೋಟೋ ಟಪಾಲಿನಲ್ಲಿ ಬಂತು. ಹಡಗು ಮುಳುಗಿದ ಮೇಲೆ ತೆಗೆಸಿ ಕಳಿಸಿದ್ದಾರೆ, ನನ್ನ ಗಂಡ ಬದುಕಿದ್ದಾರೆ ಎಂದು ಆ ತಾಯಿ ಹಟ ಹಿಡಿದರು. ಹಡಗು ಹತ್ತುವ ಮೊದಲೇ ಮರಳುಗಾಡಿನಲ್ಲಿ ತೆಗೆಸಿದ್ದು, ಟಪಾಲು ತಡವಾಗಿದೆ ಎಂದರು ಹಿರಿಯರು. ಎರಡೂ ಕಡೆಯವರು ಸಾಯುವವರೆಗೂ ಸೋಲಲಿಲ್ಲ.

“ಊರೋರು ಏನೇನಂದ್ರು ಅಂತೀಯ? ಗಂಡ ಸತ್ರೂ ಸಿಂಗಾರ ಬಿಡ್ದೋಳು ಅಂದ್ರು. ನನ್ ಮದ್ವೇಲಿ ಅಮ್ಮನ್ನ ಹಸೆ ಹತ್ರ ಬಿಡ್ಲಿಲ್ಲ. ಅಡಿಗೆ ಮನೆ ಬಾಗ್ಲಲ್ಲಿ ನಿಂತ್ಕೊಂಡು ನೋಡಿದ್ಲು. ನಂಗೂ ನಾಚ್ಕೆ ಆಗೋದು, ಯಾಕೆ ಈ ಹಟ ಅಂತ. ಸತ್ತಾಗ್ಲೂ ಮುತ್ತೈದೆ ಅಂತ ಕಳಿಸ್ಲಿಲ್ಲ, ಬರೀ ಹಣೇಲಿ ಮಣ್ಣು ಮಾಡಿದ್ರು.” ಅಜ್ಜಿ ಸೆರಗಿನಿಂದ ಬಾಯಿ ಒರೆಸಿಕೊಂಡರು. “ನಾನೂ ಹೊರಡೋ ಕಾಲ ಆಯ್ತು. ಅವಳು ನಿಜ ಹೇಳಿದ್ಲೋ, ಸುಳ್ಳು ಹಿಡ್ಕೊಂಡು ಬದುಕಿದ್ಲೋ, ತಿಳ್ಕೊಂಡು ಹೋಗ್ತೀನಿ.”

ಮಗ ನನ್ನ ಕಡೆ ನೋಡಿ, ಏನೋ ಒಂದು ಹೇಳಿ ಕಳಿಸಿಬಿಡಿ ಎನ್ನುವಂತೆ ಕಣ್ಣು ಮಾಡಿದರು. ನನಗೂ ಹಾಗೇ ಅನಿಸಿತು. ಆದರೆ ಅಜ್ಜಿ ಹೆಸರಿಸಿದ ಆ ಹಡಗು ನನಗೆ ಗೊತ್ತಿತ್ತು. ಅದರ ಅವಶೇಷಗಳ ಚಿತ್ರಗಳನ್ನು ಎಷ್ಟೋ ಸಲ ನೋಡಿ, ಅದರ ಬಗ್ಗೆ ಗುಂಪಿನಲ್ಲಿ ವಾದ ಮಾಡಿದವನು ನಾನು. ಅದು ಮುಳುಗಿದಾಗ ಉತ್ತರ ಆಫ್ರಿಕಾದ ಆ ಮರಳುಗಾಡಿನಲ್ಲಿ ನಮ್ಮವರ ಎದುರಿಗಿದ್ದದ್ದು ಇಟಲಿಯ ಸೈನ್ಯ ಮಾತ್ರ. ಜರ್ಮನಿಯವರು ಇನ್ನೂ ಅಲ್ಲಿ ಕಾಲಿಟ್ಟಿರಲಿಲ್ಲ. ಅಂದರೆ ಲೆಕ್ಕ ಸುಲಭ. ಕಸಿದುಕೊಂಡ ಲಾರಿ ಇಟಲಿಯದಾದರೆ ಹಿರಿಯರ ಮಾತು ನಿಲ್ಲುತ್ತದೆ. ಜರ್ಮನಿಯದಾದರೆ ಫೋಟೋ ಹಡಗು ಮುಳುಗಿದ ಮೇಲಿನದು, ಆ ತಾಯಿಯ ಮಾತು ನಿಜ. ಇದನ್ನು ಅವರಿಬ್ಬರಿಗೂ ಬಿಡಿಸಿ ಹೇಳಿದೆ. ಮೊದಲ ನೋಟಕ್ಕೆ ನನಗೆ ಇಟಲಿಯದೇ ಅನಿಸಿತ್ತು, ಅದನ್ನು ಮಾತ್ರ ಹೇಳಲಿಲ್ಲ.

ಚಕ್ರಗಳು ಮರಳಿನಲ್ಲಿ ಹೂತಿದ್ದವು. ಇಟಲಿಯ ದೊಡ್ಡ ಲಾರಿಗಳಿಗೆ ಸ್ಟೀರಿಂಗ್ ಬಲಕ್ಕೆ, ಜರ್ಮನಿಯವಕ್ಕೆ ಎಡಕ್ಕೆ; ಇದರಲ್ಲಿ ಯಾವ ಕಡೆ ಇದೆ ಎಂದು ನೋಡೋಣವೆಂದರೆ ಆ ಮನುಷ್ಯನೇ ಅಡ್ಡ ನಿಂತಿದ್ದ. ಉಳಿದದ್ದು ರೇಡಿಯೇಟರು. ಅದು ಕುಂಕುಮದ ಕೆಳಗಿತ್ತು.

“ಇದನ್ನ ತೆಗೀಬೇಕಾಗುತ್ತೆ ದೊಡ್ಡಮ್ಮ.”

ಅಜ್ಜಿ ಫೋಟೋವನ್ನು ತಮ್ಮ ಕಡೆಗೆ ಎಳೆದುಕೊಂಡರು. “ಅಮ್ಮ ಇಟ್ಟಿದ್ದು ಕಣಪ್ಪ ಅದು. ಅವಳ ಬೆರಳು.”

ನಿಜ, ಹೆಪ್ಪಿನ ಅಂಚಿನಲ್ಲಿ ಬೆರಳಿನ ಗೆರೆಗಳು ಕಾಣುತ್ತಿದ್ದವು. ಇಂಥ ಕಡೆ ನನಗೆ ಸಹನೆ ಕಡಿಮೆ. ಬೇಡವಾದರೆ ತೆಗೆದುಕೊಂಡು ಹೋಗಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕಾಫಿ ತಂದ ನನ್ನ ಹೆಂಡತಿ ಲೋಟ ಕೆಳಗಿಟ್ಟು, “ಅವಸರ ಮಾಡ್ಬೇಡ್ರಿ, ಅವರೇ ಹೇಳ್ಲಿ” ಎಂದಳು. ಕಾಫಿ ಆರಿಹೋಯಿತು. ಕೊನೆಗೆ ಅಜ್ಜಿಯೇ ನನ್ನ ಕೈಯಿಂದ ಮೆತ್ತನೆಯ ಕುಂಚ ಇಸಿದುಕೊಂಡು, ಕೆಳಗೆ ಬಿಳಿ ಕಾಗದ ಹಾಸಿಸಿ, ತಾವೇ ಉದುರಿಸತೊಡಗಿದರು. ಒಂದು ಚೂರೂ ಕಾಗದದಾಚೆ ಬೀಳಲಿಲ್ಲ.

ಹೆಪ್ಪು ಹೋಯಿತು, ಕಲೆ ಉಳಿಯಿತು. ಕೆಂಪು ಫೋಟೋದ ಕಾಗದದೊಳಕ್ಕೇ ಇಳಿದಿತ್ತು. ನೀರು ಮುಟ್ಟಿಸಿದರೆ ಚಿತ್ರವೇ ಕಿತ್ತು ಬರುತ್ತದೆ. ಅದಕ್ಕೊಂದು ಉಪಾಯ ನನಗೆ ತಿಳಿದಿತ್ತು. ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕೆಂಪು ಬಣ್ಣದ ಪದರವೊಂದನ್ನೇ ಉಳಿಸಿಕೊಂಡರೆ ಕೆಂಪು ಕಲೆ ಬಿಳಿಯಲ್ಲಿ ಕರಗಿ, ಅಡಿಯ ಕಪ್ಪು ಗೆರೆಗಳು ಮೇಲೆ ಬರುತ್ತವೆ. ಹಾಗೆ ಮಾಡಿದೆ. ನಿಧಾನವಾಗಿ ರೇಡಿಯೇಟರಿನ ಚೌಕಟ್ಟು ಕಾಣಿಸಿತು. ಅದರ ನೆತ್ತಿಯ ಮೇಲೆ ಒಂದು ಬಳೆ, ಬಳೆಯೊಳಗೆ ಮೂರು ಮೊನೆಯ ನಕ್ಷತ್ರ.

ಈಗ ದೇವನಹಳ್ಳಿ ರಸ್ತೆಯಲ್ಲಿ ಶ್ರೀಮಂತರ ಕಾರಿನ ಮೂತಿಯ ಮೇಲೆ ಮಿಂಚುವ ಅದೇ ನಕ್ಷತ್ರ. ನೋಡಿದವರಿಗೆಲ್ಲ ಗೊತ್ತು, ಜರ್ಮನಿಯದು. ಆದರೂ ನಾನು ಅಷ್ಟಕ್ಕೇ ನಿಲ್ಲಿಸಲಿಲ್ಲ. ಹೀಗೇ ಆಗಲಿ ಎಂದು ಮನಸ್ಸು ಬಯಸುತ್ತಿದ್ದಾಗ ಕಣ್ಣನ್ನು ನಂಬಬಾರದು, ಇಷ್ಟು ವರ್ಷಗಳಲ್ಲಿ ನಾನು ಕಲಿತದ್ದು ಅದೊಂದೇ. ಮಡ್‌ಗಾರ್ಡನ್ನು ದೊಡ್ಡದು ಮಾಡಿದೆ. ಅದರ ಮೇಲೆ ಅಣಬೆಯ ಹಾಗೆ ಬಗ್ಗಿದ ಸಣ್ಣ ದೀಪ. ವಿಮಾನಕ್ಕೆ ಕಾಣದಂತೆ ಕತ್ತಲಲ್ಲಿ ಸಾಗಲು ಜರ್ಮನ್ ಸೈನ್ಯದವರು ಹಾಕಿಕೊಳ್ಳುತ್ತಿದ್ದ ದೀಪ ಅದು. ಇನ್ನು ಅನುಮಾನವಿರಲಿಲ್ಲ. ನನಗೆ ತುಂಬ ಸಂತೋಷವಾಯಿತು. ಬಹಳ ಕಾಲದ ಮೇಲೆ ಒಬ್ಬರಿಗೆ ಅಡ್ಡಗೋಡೆಯ ದೀಪವಲ್ಲದ ಮಾತೊಂದನ್ನು ಹೇಳಬಹುದಾಗಿತ್ತು.

“ದೊಡ್ಡಮ್ಮ, ಇದು ಜರ್ಮನಿ ಲಾರಿ. ಹಡಗು ಮುಳುಗಿದ ಮೇಲೆ ತೆಗೆದ ಫೋಟೋ ಇದು. ನಿಮ್ಮಪ್ಪ ಆ ಹಡಗಲ್ಲಿ ಸಾಯ್ಲಿಲ್ಲ. ಆಮೇಲೆ ಎಷ್ಟು ದಿನ ಬದುಕಿದ್ರೋ, ಯಾಕೆ ಬರ್ಲಿಲ್ವೋ, ಅದು ನಂಗೆ ತಿಳಿಯಲ್ಲ. ನಿಮ್ಮಮ್ಮ ಹೇಳಿದ್ದು ಮಾತ್ರ ನಿಜ.”

ಅಜ್ಜಿ ಪರದೆಯನ್ನು ನೋಡಲಿಲ್ಲ, ನನ್ನ ಬಾಯನ್ನೇ ನೋಡುತ್ತಿದ್ದರು.

“ಅವಳು ಕುಂಕುಮ ಇಟ್ಟಿದ್ದು ಸರಿ?”

“ಸರಿ ದೊಡ್ಡಮ್ಮ. ಸತ್ತ ಅಂತ ಹೇಳೋಕೆ ಯಾರ ಹತ್ರಾನೂ ಏನೂ ಇರ್ಲಿಲ್ಲ.”

ಮಗನ ಮುಖ ಅರಳಿತು. “ನೋಡಮ್ಮ, ಒಳ್ಳೇದೇ ಆಯ್ತಲ್ಲ. ಈ ಸಲ ಪಕ್ಷಕ್ಕೆ ನಿಮ್ಮಮ್ಮಂಗೆ ಹಸಿರು ಸೀರೆ ಇಟ್ಟು ಎಡೆ ಹಾಕಣ, ಬಿಡು” ಎಂದರು. ಎಲ್ಲ ಮುಗಿಯಿತು ಎನ್ನುವಂತೆ ಎದ್ದು ನಿಂತು ಕಾರಿನ ಕೀ ಹುಡುಕತೊಡಗಿದರು. ನಾನೂ ಹಾಗೇ ಅಂದುಕೊಂಡು ಸ್ಕ್ಯಾನರಿನ ಮುಚ್ಚಳ ಮುಚ್ಚಿದೆ.

ಅಜ್ಜಿ ಏಳಲಿಲ್ಲ. ಎರಡೂ ಅಂಗೈ ಬಿಡಿಸಿ ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದರು. ಅವು ತಮ್ಮವಲ್ಲ ಎನ್ನುವ ಹಾಗೆ ನೋಡುತ್ತಿದ್ದರು. ಆಮೇಲೆ ಮಗನಿಗಲ್ಲ, ನನಗೂ ಅಲ್ಲ, ಬಾಗಿಲ ಹತ್ತಿರ ನಿಂತಿದ್ದ ನನ್ನ ಹೆಂಡತಿಗೆ ಹೇಳಿದರು.

“ಅಮ್ಮ ಹೋದ ದಿನ ದೊಡ್ಡೋರು ಬಳೆ ತೆಗೀರಿ ಅಂದ್ರು ಕಣಮ್ಮ. ಹೆಂಗಸ್ರು ಯಾರೂ ಮುಂದೆ ಬರ್ಲಿಲ್ಲ, ಇಷ್ಟು ವರ್ಷ ಜೋಪಾನ ಮಾಡಿದ್ದು, ಹೆಂಗೆ ಒಡೆಯೋದು ಅಂತ. ನಾನೇ ಒಡೆದೆ. ಕಲ್ಲಿನ ಮೇಲೆ ಅವಳ ಕೈ ಇಟ್ಕೊಂಡು, ಒಂದೊಂದೇ. ಇನ್ನೂ ಬೆಚ್ಚಗಿತ್ತು ಕೈ.”