ಕಪ್ಪು ಪಟ್ಟಿಗೆ ಒಗ್ಗದ ಚಿತ್ರ

ಚಿತ್ರಗಳಿಗೆ ಚೌಕಟ್ಟು ಕಟ್ಟುತ್ತಲೇ ಅವನ ತಲೆ ನರೆತಿತ್ತು. ಸಾವಾದ ಮನೆಯಿಂದ ಫೋಟೊ ಬರಲಿ, ಚಿತ್ರ ಬರಲಿ, ಕೇಳದೆಯೇ ಕಪ್ಪು ಬಣ್ಣದ ಮರದ ಪಟ್ಟಿ ಹೊಡೆಯುವುದು ಅವನ ಅಂಗಡಿಯ ರೂಢಿ. ಅಕ್ಕ ತಂದುಕೊಟ್ಟ ಚಿತ್ರಕ್ಕೂ ಕೈ ತಾನಾಗಿ ಅದನ್ನೇ ಮಾಡಿಬಿಟ್ಟಿತ್ತು.

ತೀರಿಕೊಂಡ ಭಾವ ಊರವರ ಅಂಗಡಿಗಳಿಗೆ ಬೋರ್ಡು ಬರೆದು ಬದುಕಿದವರು. ತಮಗೆಂದು ಬರೆದುಕೊಂಡದ್ದು ಇದೊಂದೇ. ಎಲೆ ಉದುರುವ ಕಾಲ. ಹಳದಿ ಹಾಸಿಕೊಂಡು ಮಲಗಿದ ದಾರಿ. ಅರ್ಧ ಬೋಳಾದ ಮರಗಳು. ಅವುಗಳಾಚೆ ಮಂಜೋ ಬೆಳಕೋ ತಿಳಿಯದಂಥ ಒಂದು ಮಸುಕು. ದಾರಿಯಲ್ಲಿ ಒಂದು ನರಪಿಳ್ಳೆಯೂ ಇಲ್ಲ.

ಚಿತ್ರ ಒಯ್ಯಲು ಬಂದ ಅಕ್ಕ ಚೌಕಟ್ಟು ನೋಡಿದವಳೇ ಸ್ಟೂಲಿನ ಮೇಲೆ ಕುಸಿದಳು.

"ಅನುಮಾನ ಇತ್ತು ಕಣೋ, ಈಗ ಖಾತ್ರಿ ಆಯ್ತು. ನನ್ ಜೊತೆ ಬಾಳಿ ಬಾಳಿ ಅವರ ಮನಸ್ಸು ಹೀಗೆ ಬೋಳಾಗಿತ್ತು."

"ಮರದ ಎಲೆ ಬಿದ್ರೂ ನಿನ್ನದೇ ತಪ್ಪಾ? ಸರಿಹೋಯ್ತು."

"ಮತ್ತೆ ಅಲ್ಲಿ ಯಾರೂ ಇಲ್ವಲ್ಲ. ಇಷ್ಟು ವರ್ಷ ಪಕ್ಕದಲ್ಲೇ ಇದ್ದೆ. ಒಂದು ಮೂಲೇಲಾದ್ರೂ ನನ್ನ ಬರೀಬಾರದಿತ್ತಾ?"

"ಭಾವಂಗೆ ಮನುಷ್ಯರನ್ನ ಬರೆಯೋಕೆ ಎಲ್ಲಿ ಬರ್ತಿತ್ತಕ್ಕ? ಕ್ಷೌರದಂಗಡಿ ಬೋರ್ಡಲ್ಲಿ ಅವರು ಬರೆದ ತಲೆ ನೋಡಿ ಗಿರಾಕಿಗಳು ಬಾಗಿಲಿಂದಲೇ ವಾಪಸ್ ಹೋಗ್ತಿದ್ರು."

ಅಕ್ಕನ ತುಟಿ ನಗಲು ಹೋಗಿ ಅರ್ಧಕ್ಕೇ ನಿಂತಿತು.

ಅವನಿಗೆ ಸಿಟ್ಟು ನೆತ್ತಿಗೇರಿತು, ತನ್ನ ಕೈಯ ಮೇಲೆಯೇ. ಮೊಳೆ ಕಿತ್ತು ಕಪ್ಪು ಪಟ್ಟಿ ಬಿಚ್ಚಿ ಮೂಲೆಗೆಸೆದ. ಬಣ್ಣ ಕಾಣದ ಬರೀ ಮರದ ತುಂಡೊಂದನ್ನು ತಂದು ಚಿತ್ರದ ಅಂಚಿಗೆ ಹಿಡಿದ.

ಹಳದಿ ಮೆಲ್ಲನೆ ಕಣ್ಣು ಬಿಟ್ಟಿತು. ಬಿಸಿಲಿದ್ದದ್ದು ಮರಗಳ ಮೇಲಲ್ಲ, ಉದುರಿದ ಎಲೆಗಳ ಮೇಲೆ. ಅಂಗಡಿಯ ಗೋಡೆ ದೂರ ಸರಿದಂತಾಯಿತು. ಬೀದಿಯ ಗದ್ದಲ ನೀರಿನಡಿಯಿಂದ ಬಂದಂತೆ ಕೇಳಿತು. ಅವನಿಗೆ ತಾನೂ ಆ ದಾರಿಗಿಳಿದಂತೆ, ಕಾಲಡಿಯಲ್ಲಿ ಎಲೆ ಸರಸರ ಎಂದಂತೆ. ಎಷ್ಟು ಹೊತ್ತು ಇಬ್ಬರೂ ಹಾಗೆ ನೋಡುತ್ತಿದ್ದರೋ.

"ದಾರೀಲಿ ಯಾರೂ ಇಲ್ಲ ಅಂದ್ರೆ," ಅಕ್ಕ ಪಿಸುಗುಟ್ಟಿದಳು, "ಇಲ್ಲಿ, ದಾರಿ ಈಚೆ ನಿಂತು ನೋಡ್ತಿರೋದು ಅವರೇ ಅಲ್ವೇನೋ?"

"ಹೂಂ."

"ಒಬ್ಬರೇನಾ?"

ಇಲ್ಲ, ಪಕ್ಕದಲ್ಲಿ ನೀನಿದ್ದೆ ಎಂದುಬಿಡಬಹುದಿತ್ತು.

"ಅದು ನಂಗೆ ಹೇಗೆ ಗೊತ್ತಾಗ್ಬೇಕಕ್ಕ? ಭಾವ ಸುಖವಾಗಿದ್ರೋ ಇಲ್ವೋ, ಅದೂ ಗೊತ್ತಿಲ್ಲ. ಆದ್ರೆ ಆ ಕಪ್ಪು ಅವರು ಬರೆದಿದ್ದಲ್ಲ. ನಾನು ಹೊಡೆದಿದ್ದು."

ಅಕ್ಕ ಮರದ ತುಂಡನ್ನು ಬೆರಳಿಂದ ಮುಟ್ಟಿ ನೋಡಿದಳು.

"ಇದನ್ನೇ ಹಾಕು. ಅಗಲ ಬೇಡ, ದಾರಿ ಇಕ್ಕಟ್ಟಾಗುತ್ತೆ."

ಅವನು ಗರಗಸ ಕೈಗೆತ್ತಿಕೊಂಡ. ಅವಳು ಚಿತ್ರದ ಮುಂದಿನಿಂದ ಕದಲಲಿಲ್ಲ.

"ನಿಧಾನವಾಗಿ ಮಾಡು," ಅಂದಳು. "ನಂಗೇನೂ ಅವಸರ ಇಲ್ಲ."